ಶಿವರಾಮಪೇಟೆ ಕಡೆಯ ಒಂದು ಡಿಟಿಪಿ ಅಂಗಡಿ: ಚಿತ್ರ ಜಾಸ್ತಿ ಇರೋ ಪತ್ರಿಕೆ ಮಾಡೋರು ಓದಿ

ಮೈಸೂರಲ್ಲಿ ಡಿಟಿಪಿ ಅಂಗಡಿಗೇನು ಬರ ಇಲ್ಲ. ಮದ್ವೆ ಕಾರ್ಡು, ಥೀಸಿಸ್ಸು, ಗೃಹಪ್ರವೇಶದ ಆಮಂತ್ರಣ, ಕರಪತ್ರ ಎಲ್ಲಾ ಬೆಳಗ್ಗೆ ಕೊಟ್ರೆ ಸಂಜೆಗೆ ರೆಡಿ ಮಾಡೋರು ಗಲ್ಲಿಗೊಬ್ರು ಸಿಕ್ತಾರೆ. ಆದ್ರೆ ಪೇಂಟಿಂಗ್ ಫೋಟೋ ತುಂಬಿರೋ, ಜೊತೆಗೆ ಕನ್ನಡದಲ್ಲೇ ಉದ್ದುದ್ದ ಲೇಖನ ಇರೋ ಕಲಾಪತ್ರಿಕೆಗೆ ಪೇಜ್ ಮಾಡ್ಕೊಡಿ ಅಂದ್ರೆ ಮುಕ್ಕಾಲು ಪಾಲು ಜನ ಒಂದು ರೆಡಿಮೇಡ್ ಟೆಂಪ್ಲೇಟ್ ತೆಗೆದು, ಮ್ಯಾಟರ್ ಸುರಿದು, ಚಿತ್ರಕ್ಕೆಲ್ಲ ನೆರಳು ಹಾಕಿ, ಹೆಡ್ಡಿಂಗಿಗೆ ಕೆಂಪು ಬಣ್ಣ ಬಳಿದು ಕೈಗೆ ಕೊಡ್ತಾರೆ. ನಾವೊಂದಷ್ಟು ಗೆಳೆಯರು ಸೇರಿ ತರೋ ಪುಟ್ಟ ಪತ್ರಿಕೆ ನಮ್ಮದು, ಇಲ್ಲಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದಿದೋರು ಕೆಲವರು, ನನ್ನ ಥರ ಬರೀ ಚಿತ್ರ ನೋಡೋ ಹುಚ್ಚಿರೋರು ಕೆಲವರು. ಈ ಸಲದ ಸಂಚಿಕೆ ಪೇಜ್ ಮಾಡಿಸಿದ್ದು ಶಿವರಾಮಪೇಟೆ ಕಡೆ ಒಂದು ಅಡ್ಡರಸ್ತೆಯ ಸಣ್ಣ ಅಂಗಡಿಲಿ. ಬೋರ್ಡಲ್ಲಿ ಬರೀ ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್ ಅಂತ ಇದೆ, ಅಂಗಡಿ ಹೆಸರು ಅಂತ ಏನೂ ಇಲ್ಲ, ಇರೋ ಕೆಲ್ಸವೇ ಸಾಕು ಹೆಸರು ಹಾಕ್ಬೇಡಿ ಅಂದ್ರು, ಅದಕ್ಕೇ ಇಲ್ಲೂ ಹಾಕ್ತಿಲ್ಲ.

ಪೇಜ್ ಮಾಡೋದು ಒಬ್ಬ ಅಕ್ಕ. ಪೇಜ್‌ಮೇಕರ್ ಅನ್ನೋ ಹಳೇ ಸಾಫ್ಟ್‌ವೇರ್ ಕಾಲದಿಂದ ಇದೇ ಕೆಲ್ಸ ಅಂತೆ. ಜೆರಾಕ್ಸ್ ಕೌಂಟರಲ್ಲಿ ಅವ್ರ ಯಜಮಾನ್ರು ಕೂತಿರ್ತಾರೆ, ಅವ್ರಿಗೂ ಪೇಜಿಗೂ ಸಂಬಂಧ ಇಲ್ಲ, ಅವ್ರ ಹತ್ರ ಕರೆಕ್ಷನ್ ಹೇಳಿ ಬಂದ್ರೆ ಅದು ಅಲ್ಲೇ ಉಳ್ಕೊಳ್ಳುತ್ತೆ.

ಅಕ್ಕನ ಮೊದಲ ಗುಣ ಏನಂದ್ರೆ ಪೆನ್‌ಡ್ರೈವ್ ಕೊಟ್ಟ ತಕ್ಷಣ ಕಂಪ್ಯೂಟರ್ ಮುಂದೆ ಕೂರಲ್ಲ. ಒಂದೆರಡು ಹಾಳೆ ತಗೊಂಡು ಮಡಚಿ ಮಡಚಿ ಒಂದು ಡಮ್ಮಿ ಮಾಡಿ, ಪೆನ್ಸಿಲಲ್ಲಿ ಪುಟಸಂಖ್ಯೆ ಬರ್ದು, ಈಗ ಹೇಳಪ್ಪಾ, ಕಲರ್ ಎಷ್ಟು ಪುಟ, ಬ್ಲ್ಯಾಕ್ ಅಂಡ್ ವೈಟ್ ಎಷ್ಟು ಪುಟ ಅಂತಾರೆ. ನಮ್ಮದು ಕ್ರೌನ್ 1/4 ಸೈಜು, ಅಂದ್ರೆ 7.25 ಇಂಟು 9.5 ಇಂಚು, ಒಳಗಡೆ 32 ಪುಟ, ರಟ್ಟು ಬೇರೆ, ಸೆಂಟರ್ ಪಿನ್, ಅಂದ್ರೆ ನಡುವಿನ ಮಡಿಕೆ ಮೇಲೆ ಪಿನ್. ಪ್ರೆಸ್ಸಲ್ಲಿ 16 ಪುಟಕ್ಕೆ ಒಂದು ಫಾರಂ ಅಂತಾರೆ. ದುಡ್ಡಿರೋದು ಒಂದು ಫಾರಂ ಕಲರ್‌ಗೆ ಮಾತ್ರ, ಇನ್ನೊಂದು ಫಾರಂ ಕಪ್ಪುಬಿಳುಪು. ಸೆಂಟರ್ ಪಿನ್ ಹೊಡೆಯೋ ಪುಸ್ತಕದಲ್ಲಿ ಒಂದು ಫಾರಂ ಒಳಗೆ ಇನ್ನೊಂದು ಫಾರಂ ಕೂರುತ್ತಲ್ಲ, ಹಾಗಾಗಿ ಒಳಗಿನ 16 ಪುಟ ಅಂದ್ರೆ 9ರಿಂದ 24, ಹೊರಗಿನ 16 ಅಂದ್ರೆ 1ರಿಂದ 8 ಮತ್ತೆ 25ರಿಂದ 32. ಕಲರ್ ಬೇಕಾದ ಲೇಖನ ಎಲ್ಲಾ 9ರಿಂದ 24ರೊಳಗೇ ಬರ್ಬೇಕು, ಬೇರೆ ದಾರಿ ಇಲ್ಲ. ಯಾರ ಲೇಖನ ಮೊದ್ಲು ಯಾರದ್ದು ಆಮೇಲೆ ಅಂತ ನಮ್ಮ ಗುಂಪಲ್ಲಿ ನಡೀತಿದ್ದ ಜಗಳ ಈ ಮಡಚಿದ ಹಾಳೆ ಮುಂದೆ ತಣ್ಣಗಾಯ್ತು, ಯಾಕಂದ್ರೆ ಜಾಗ ತೀರ್ಮಾನ ಮಾಡಿದ್ದು ಹಿರಿಯರು ಕಿರಿಯರು ಅಂತಲ್ಲ, ಯಾರ ಲೇಖನಕ್ಕೆ ಬಣ್ಣ ಬೇಕು ಅಂತ. ಸಂದರ್ಶನ, ಪುಸ್ತಕ ಪರಿಚಯ, ರೇಖಾಚಿತ್ರ ಎಲ್ಲಾ ಹೊರಗಿನ ಫಾರಮ್ಮಿಗೆ ಹೋದ್ವು.

ಇದರ ನಿಜವಾದ ಬೆಲೆ ಗೊತ್ತಾಗಿದ್ದು ದರಿಯಾ ದೌಲತ್ ಲೇಖನದಲ್ಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೊತ್ತಲ್ಲ, ಟಿಪ್ಪು 1784ರಲ್ಲಿ ಕಟ್ಟಿಸಿದ್ದು, ಅದರ ಪಶ್ಚಿಮದ ಗೋಡೆ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ, ಹೈದರ್ ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿ ಅನ್ನೋನ ಸೋಲಿಸಿದ್ದು. ಸಾಲು ಸಾಲು ಕುದುರೆ, ಮಧ್ಯದಲ್ಲಿ ಪಲ್ಲಕ್ಕಿಲಿ ಕೂತಿರೋ ಬೇಲಿ, ಹೊತ್ತಿ ಸಿಡೀತಿರೋ ಮದ್ದುಗುಂಡಿನ ಬಂಡಿ. ಚಿತ್ರ ಅಡ್ಡಡ್ಡ ಉದ್ದಕ್ಕೆ ಹೋಗುತ್ತೆ, ಒಂದು ಪುಟಕ್ಕೆ ಹಾಕಿದ್ರೆ ಕುದುರೆಗಳು ಇರುವೆ ಸೈಜಿಗೆ ಬರ್ತವೆ. ಎರಡು ಪುಟಕ್ಕೆ ಹರಡೋಣ ಅಂತ ನಾವೇ ಹೇಳಿದ್ವಿ, 12-13ರಲ್ಲಿ ಬರ್ಲಿ ಅಂತ. ಅಕ್ಕ ಡಮ್ಮಿ ತೆಗೆದು 12, 13 ಬಿಡಿಸಿ ತೋರ್ಸಿದ್ರು: ಇವೆರಡು ಪುಟ ಪಕ್ಕಪಕ್ಕ ಕಂಡ್ರೂ ಪಿನ್ ಹತ್ರ ಎರಡೂ ಬೇರೆ ಬೇರೆ ಹಾಳೆ, ಕಟಿಂಗಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದ್ರೆ ಕುದುರೆ ತಲೆ ಒಂದು ಕಡೆ ಕತ್ತು ಇನ್ನೊಂದು ಕಡೆ. 32 ಪುಟದ ಪುಸ್ತಕದಲ್ಲಿ ಒಂದೇ ಹಾಳೆ ಮೇಲೆ ಅಕ್ಕಪಕ್ಕ ಪ್ರಿಂಟ್ ಆಗಿ ಕಣ್ಣಿಗೂ ಹಾಗೇ ಕಾಣೋದು ಮಧ್ಯದ 16-17 ಮಾತ್ರ. ಲೇಖನನೇ ಜರುಗಿಸಿ ಆ ಚಿತ್ರನ ನಟ್ಟನಡುವೆ ತಂದ್ರು. ಅಷ್ಟೇ ಅಲ್ಲ, ಪಿನ್ ಬೀಳೋ ಗೆರೆ ಯಾವುದೇ ಮುಖದ ಮೇಲೆ ಬರ್ಬಾರ್ದು ಅಂತ ಚಿತ್ರನ ಸ್ವಲ್ಪ ಎಡಕ್ಕೆ ಸರಿಸಿ, ಎರಡು ಕುದುರೆ ನಡುವಿನ ಖಾಲಿ ಜಾಗಕ್ಕೆ ಮಡಿಕೆ ಕೂರಿಸಿದ್ರು. ನಾನು ನೋಡಿರೋ ದೊಡ್ಡ ದೊಡ್ಡ ಕಾಫಿ ಟೇಬಲ್ ಪುಸ್ತಕಗಳಲ್ಲೂ ಮಡಿಕೆ ಮೂಗಿನ ಮೇಲೇ ಬಿದ್ದಿರುತ್ತೆ.

ಚಿತ್ರದ ವಿಷ್ಯದಲ್ಲಿ ಅಕ್ಕನ ಹಠ ಜಾಸ್ತಿ, ಅದನ್ನ ತಡ್ಕೊಳ್ಳೋ ಶಕ್ತಿ ಇದ್ರೆ ಮಾತ್ರ ಹೋಗಿ. ಪೇಂಟಿಂಗನ್ನ ಜಾಗಕ್ಕೆ ತಕ್ಕಂತೆ ಕತ್ತರಿಸೋದು ಅವ್ರ ಹತ್ರ ನಡೆಯಲ್ಲ. ಕಲಾವಿದ ಎಲ್ಲಿಗೆ ಅಂಚು ಹಾಕಿದಾನೋ ಅಲ್ಲಿಗೇ ಅಂಚು, ಅದರ ಒಂದು ತುಂಡು ಮಾತ್ರ ಬೇಕು ಅಂದ್ರೆ ಕೆಳಗೆ ಚಿತ್ರದ ಒಂದು ಭಾಗ ಅಂತ ಬರೀಲೇಬೇಕು. ಮೈಸೂರಿನವರೇ ಆದ ಕೆ. ವೆಂಕಟಪ್ಪನವರ ಊಟಿ ಜಲವರ್ಣದ ಬಗ್ಗೆ ಒಂದು ಲೇಖನ ಇತ್ತು, ಮಂಜು, ಬೆಟ್ಟ, ತೆಳೂ ನೀಲಿ, ಇದ್ಯೋ ಇಲ್ವೋ ಅನ್ನೋಷ್ಟು ಬಣ್ಣ. ನಮ್ಮಲ್ಲೊಬ್ರು ಅದನ್ನ ಪುಟದ ತುಂಬ ಬ್ಲೀಡ್ ಕೊಟ್ಟು ಹಾಕಿ, ಮೇಲೆ ಬಿಳಿ ಅಕ್ಷರದಲ್ಲಿ ಹೆಡ್ಡಿಂಗ್ ಬರ್ಲಿ ಅಂದ್ರು. ಬ್ಲೀಡ್ ಅಂದ್ರೆ ಸುತ್ತ 3 ಮಿಲಿಮೀಟರ್ ಚಿತ್ರ ಕಟಿಂಗಿಗೆ ಹೋಗುತ್ತೆ, ಆ 3 ಮಿಲಿಮೀಟರ್ ವೆಂಕಟಪ್ಪನವರದ್ದು, ನಂದೂ ಅಲ್ಲ ನಿಮ್ದೂ ಅಲ್ಲ ಅಂದ್ಬಿಟ್ರು ಅಕ್ಕ. ಕೊನೆಗೆ ಸುತ್ತ ಅಗಲವಾದ ಬಿಳಿ ಬಿಟ್ಟು ನಡುವೆ ಚಿತ್ರ ಮಾತ್ರ, ಹೆಡ್ಡಿಂಗ್ ಎದುರು ಪುಟದಲ್ಲಿ. ಪ್ರೂಫ್ ಬಂದಾಗ ನೋಡಿದ್ರೆ ಆ ಬಿಳಿ ಇದ್ದಿದ್ರಿಂದ್ಲೇ ಮಂಜು ಮಂಜಾಗಿ ಕಾಣ್ತಿತ್ತು, ಇಲ್ಲಾಂದ್ರೆ ಮಾಸಿದ ಫೋಟೋ ಅನ್ಕೋತಿದ್ರು ಜನ. ಇಂಥ ತೆಳು ಬಣ್ಣದ ಚಿತ್ರಕ್ಕೆ ಮ್ಯಾಪ್‌ಲಿಥೋ ಅನ್ನೋ ಮಾಮೂಲಿ ಕಾಗದ ಬೇಡ, ಅದು ಇಂಕ್ ಹೀರ್ಕೊಂಡು ಮಂಕು ಮಾಡುತ್ತೆ, ಕಲರ್ ಫಾರಮ್ಮಿಗೆ ಮ್ಯಾಟ್ ಆರ್ಟ್ ಪೇಪರ್ ಹಾಕ್ಸಿ ಅಂತ ಪ್ರೆಸ್ಸಿನವ್ರಿಗೆ ಚೀಟಿ ಬರ್ದುಕೊಟ್ಟಿದ್ದೂ ಅವ್ರೇ.

ಮೈಸೂರು ಶೈಲಿ ಚಿತ್ರಗಳ ಪುಟ ಇನ್ನೂ ಕಷ್ಟ ಇತ್ತು. ಗೆಸ್ಸೋ ಅನ್ನೋ ಅಂಟುಪುಡಿ ಮಿಶ್ರಣದ ಉಬ್ಬು ಕೆಲ್ಸ, ಅದರ ಮೇಲೆ ಚಿನ್ನದ ರೇಕು. ಈ ಚಿನ್ನ ನಾಲ್ಕು ಬಣ್ಣದ ಪ್ರಿಂಟಲ್ಲಿ ಬರಲ್ಲ ಕಣ್ರೀ, ಸಿಎಂವೈಕೆ ಅನ್ನೋ ಆ ನಾಲ್ಕು ಬಣ್ಣದೊಳಗೆ ಹೊಳಪು ಅನ್ನೋದೇ ಇಲ್ಲ, ಅದೆಷ್ಟು ಒಳ್ಳೆ ಫೋಟೋ ಆದ್ರೂ ಪ್ರಿಂಟಲ್ಲಿ ಸಾಸಿವೆ ಬಣ್ಣಕ್ಕೆ ಇಳಿಯುತ್ತೆ. ಬೇಕಂದ್ರೆ ಐದನೇ ಪ್ಲೇಟ್ ಮಾಡಿಸಿ ಮೆಟಾಲಿಕ್ ಇಂಕ್ ಹಾಕ್ಸಬೇಕು, ಇಲ್ಲಾ ರಟ್ಟಿನ ಮೇಲೆ ಫಾಯಿಲ್ ಒತ್ತಿಸಬೇಕು, ಎರಡೂ ನಮ್ಮ ಜೇಬಿಗೆ ಆಗದ ಮಾತು. ಬೇರೆ ಅಂಗಡಿಯವ್ರಾಗಿದ್ರೆ ಹಳದಿಗೆ ಗ್ರೇಡಿಯೆಂಟ್ ಕೊಟ್ಟು ಗೋಲ್ಡ್ ಎಫೆಕ್ಟ್ ಅಂತಿದ್ರು. ಅಕ್ಕ ಹೇಳಿದ್ದು, ಫೋಟೋಗೆ ಪಕ್ಕದಿಂದ ಲೈಟ್ ಬಿಟ್ಟು ಒಂದು ಸಲ ಹತ್ರದಿಂದ ತೆಗೆಸ್ಕೊಂಡು ಬನ್ನಿ, ಹೊಳಪು ಬರ್ದೇ ಇದ್ರೆ ಹೋಗ್ಲಿ, ಉಬ್ಬಾದ್ರೂ ಕಾಣ್ಲಿ. ಹಾಗೇ ಮಾಡಿದ್ವಿ. ದೇವಿಯ ಕಿರೀಟದ ಒಂದು ಭಾಗನ ಪುಟದ ಮೂರನೇ ಎರಡು ಪಾಲು ದೊಡ್ಡದಾಗಿ ಹಾಕಿ, ಪೂರ್ತಿ ಚಿತ್ರನ ಎದುರು ಪುಟದಲ್ಲಿ ಚಿಕ್ಕದಾಗಿ ಹಾಕಿದ್ರು. ತಂಜಾವೂರು ಶೈಲಿಗಿಂತ ನಮ್ಮಲ್ಲಿ ಗೆಸ್ಸೋ ಎಷ್ಟು ತೆಳು ಅಂತ ಲೇಖಕರು ಒಂದು ಪ್ಯಾರಾ ತುಂಬ ವಿವರಿಸಿದ್ರು, ಆ ಪ್ಯಾರಾನೇ ಬೇಡ, ಚಿತ್ರದಲ್ಲೇ ಕಾಣ್ತಿದೆಯಲ್ಲ ಅಂತ ಅಕ್ಕ ತೆಗೆಸೋಕೆ ನೋಡಿದ್ರು, ಲೇಖಕರು ಒಪ್ಪಲಿಲ್ಲ, ಕೊನೆಗೆ ಎರಡು ಸಾಲಿಗೆ ರಾಜಿ ಆಯ್ತು.

ಗಂಜೀಫ ಪುಟ ನಂಗೆ ಇಡೀ ಸಂಚಿಕೇಲೇ ಇಷ್ಟ. ಗಂಜೀಫ ಅಂದ್ರೆ ಕೈಲಿ ಚಿತ್ರ ಬರ್ದ ಹಳೇ ಕಾಲದ ಇಸ್ಪೀಟು, ಅದರ ಎಲೆ ದುಂಡಗಿರುತ್ತೆ, ಚೌಕದ ಫೋಟೋದಲ್ಲಿ ಹಿಂದೆ ಯಾರದೋ ಮೇಜಿನ ಬಟ್ಟೆ ಕಾಣ್ತಿತ್ತು. ಎಲ್ಲಾ ಎಲೆನೂ ದುಂಡಗೆ ಕತ್ತರಿಸಿ ತೆಗೆದು, ದಶಾವತಾರ ಗಂಜೀಫದ 120 ಎಲೆಗಳಲ್ಲಿ ಮತ್ಸ್ಯಾವತಾರದ ಒಂದು ಗುಂಪನ್ನ ಮಾತ್ರ, ಅಂದ್ರೆ ರಾಜ, ಮಂತ್ರಿ, ಒಂದರಿಂದ ಹತ್ತು, ಒಟ್ಟು 12 ಎಲೆನ ಮೂರು ನಾಲ್ಕಲಿ ಸಾಲಾಗಿ ಜೋಡಿಸಿದಾರೆ. ಆಟ ಗೊತ್ತಿಲ್ದೋರಿಗೂ ಒಂದು ಗುಂಪಲ್ಲಿ ಏನೇನಿರುತ್ತೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ದುಂಡನೆ ಚಿತ್ರದ ಸುತ್ತ ಅಕ್ಷರ ಸುತ್ತಿಸಿ ಚೆಂದ ಮಾಡಿ ಅಂತ ಒಬ್ರು ಹೇಳಿದ್ದಕ್ಕೆ ಒಂದು ಸ್ಯಾಂಪಲ್ ಮಾಡೇ ತೋರ್ಸಿದ್ರು. ಕನ್ನಡದಲ್ಲಿ ಪದ ಉದ್ದ, ವಿಭಕ್ತಿ ಸಂಧಿ ಎಲ್ಲಾ ಸೇರಿ ರೈಲು ಬೋಗಿ ಥರ ತಗಲಾಕ್ಕೊಂಡಿರ್ತವೆ, ಸಾಲು ಚಿಕ್ಕದಾದ ಕಡೆ ಒಂದೇ ಪದ ಉಳ್ಕೊಂಡು ಪಕ್ಕದಲ್ಲಿ ದೊಡ್ಡ ಗುಂಡಿ ಬೀಳುತ್ತೆ. ನೋಡಿ ಎಲ್ರೂ ಸುಮ್ನಾದ್ರು.

ಇದೇ ಕಾರಣಕ್ಕೆ ಮೂರು ಕಾಲಮ್ ಕೂಡ ಅವ್ರು ಮಾಡಲ್ಲ. ಇಂಗ್ಲಿಷ್ ಮ್ಯಾಗಜೀನ್ ನೋಡಿ ಮೂರು ಕಾಲಮ್ ಕೇಳೋರು ಜಾಸ್ತಿ ಅಂತೆ. 7.25 ಇಂಚಿನ ಪುಟದಲ್ಲಿ ಕನ್ನಡಕ್ಕೆ ಎರಡೇ ಕಾಲಮ್, ಫೋಟೋ ಕೆಳಗಿನ ಬರಹಕ್ಕೆ ಎರಡೂ ಕಡೆ ಸಮ ಮಾಡದೆ ಎಡಕ್ಕೆ ಮಾತ್ರ ಸಾಲು ಹಿಡಿಯೋದು. ಅಕ್ಷರ 11 ಪಾಯಿಂಟ್ ಇದ್ರೆ ಸಾಲಿನ ಅಂತರ 17. ನಂಗೆ ಮೊದ್ಲು ಇದು ತುಂಬಾ ಬಿಡುವಾಯ್ತು ಅನ್ನಿಸ್ತು, ಪೇಪರ್ ದಂಡ ಅಂತ. ಆದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದೇ ಇರ್ಬೇಕಂದ್ರೆ ಅಷ್ಟು ಬೇಕೇ ಬೇಕು. ಕಪ್ಪು ಹಿನ್ನೆಲೆ ಮೇಲೆ ಸಣ್ಣ ಬಿಳಿ ಅಕ್ಷರನೂ ಬೇಡ ಅಂತಾರೆ, ಇಂಕ್ ಹರಡಿ ಒತ್ತಿನ ಸಂದು ಮುಚ್ಚೋಗುತ್ತೆ. ಓದೋ ಮ್ಯಾಟರ್ ಎಲ್ಲಾ ಒಂದೇ ಕಪ್ಪಲ್ಲಿ, ನಾಲ್ಕು ಬಣ್ಣ ಸೇರಿಸಿದ ಕಪ್ಪಲ್ಲಿ ಅಲ್ಲ, ಯಾಕಂದ್ರೆ ಪ್ಲೇಟ್ ಕೂದಲೆಳೆ ಜರುಗಿದ್ರೂ ಅಕ್ಷರದ ಸುತ್ತ ಕೆಂಪು ನೀಲಿ ಅಂಚು ಕಾಣುತ್ತೆ.

ಫಾಂಟ್ ರಾಮಾಯಣ ಬೇರೆ. ನಮ್ಮ ಲೇಖಕರಲ್ಲಿ ಅರ್ಧ ಜನ ಹಳೇ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕಳಿಸ್ತಾರೆ, ಅರ್ಧ ಜನ ವಾಟ್ಸಾಪಲ್ಲೇ ಯೂನಿಕೋಡಲ್ಲಿ ಬರ್ದು ಕಳಿಸ್ತಾರೆ, ಒಬ್ರಂತೂ ಕೈಲಿ ಬರ್ದ ಹಾಳೆ ಫೋಟೋ ಕಳಿಸಿದ್ರು. ಅಕ್ಕ ಎಲ್ಲಾನೂ ಯೂನಿಕೋಡಿಗೆ ತಂದು, ಕನ್ವರ್ಟ್ ಮಾಡಿದ್ಮೇಲೆ ಅರ್ಕಾವೊತ್ತು, ಉದ್ಧರಣ ಚಿಹ್ನೆ, ಅಂಕಿ ಇವಿಷ್ಟನ್ನ ಬೇರೆಯಾಗಿ ಒಂದು ಸಲ ಓದ್ತಾರೆ, ಯಾಕಂದ್ರೆ ಕೆಡೋದು ಅಲ್ಲೇ. ನೀವೇ ಮನೇಲಿ ಪುಟ ಜೋಡಿಸೋ ಸಾಫ್ಟ್‌ವೇರ್ ಇನ್‌ಡಿಸೈನಲ್ಲಿ ಮಾಡ್ಕೊಳ್ಳೋರಾದ್ರೆ ಅವ್ರು ಹೇಳಿದ ಒಂದು ಮಾತು ನೆನಪಿಟ್ಕೊಳ್ಳಿ: ಪ್ಯಾರಾಗ್ರಾಫ್ ಸೆಟ್ಟಿಂಗಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸ್ಕೊಳ್ಳಿ, ಇಲ್ಲಾಂದ್ರೆ ಯೂನಿಕೋಡ್ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ಕೊಳ್ಳುತ್ತೆ. ಮ್ಯಾಟರಿಗೆ ನಮ್ಮ ಸಂಚಿಕೇಲಿ ಬಳಸಿದ್ದು ಟಿರೋ ಕನ್ನಡ, ಹೆಡ್ಡಿಂಗಿಗೆ ಅನೆಕ್ ಕನ್ನಡ, ಎರಡೂ ಫ್ರೀಯಾಗಿ ಸಿಗೋವೇ. ಇವೆರಡು ಬಿಟ್ಟು ಮೂರನೇ ಫಾಂಟ್ ಕೇಳಿದ್ರೆ ಮುಖ ಸಿಂಡರಿಸ್ತಾರೆ. ಇಲ್ಲಿ ನಂಗೆ ತಕರಾರಿದೆ, ಸ್ವಲ್ಪ ತುಂಟತನ ಇರೋ ಲೇಖನಕ್ಕೂ ಅದೇ ಗಂಭೀರ ಹೆಡ್ಡಿಂಗ್ ಕೊಟ್ಟು ಎಲ್ಲಾ ಪುಟನೂ ಒಂದೇ ಮನೆಯವ್ರ ಥರ ಮಾಡಿಬಿಟ್ಟಿದಾರೆ. ರಟ್ಟಂತೂ ಅವ್ರ ಕೈಲಿ ಸಪ್ಪೆ, ಅದಕ್ಕೇ ಅದನ್ನ ನಾವು ಬೇರೆ ಕಡೆ ಮಾಡಿಸಿದ್ವಿ.

ಈಗ ಕರೆಕ್ಷನ್ ವಿಷ್ಯ. ಇದು ಗೊತ್ತಿಲ್ದೆ ಹೋದ್ರೆ ಜಗಳ ಆಗೋದು ಗ್ಯಾರಂಟಿ. ಫೋನಲ್ಲಿ ಹೇಳಿದ ಕರೆಕ್ಷನ್ ತಗೊಳಲ್ಲ, ವಾಟ್ಸಾಪ್ ವಾಯ್ಸ್ ಮೆಸೇಜ್ ತೆರೆಯೋದೂ ಇಲ್ಲ. ನಮ್ಮ ಸೈಜು ಎ4 ಹಾಳೇಲಿ ಕಟಿಂಗ್ ಗುರುತು ಸಮೇತ ಹಿಡ್ಸುತ್ತಲ್ಲ, ಹಾಗಾಗಿ ಪುಟನ ನೂರಕ್ಕೆ ನೂರು ಸೈಜಲ್ಲಿ ಪ್ರಿಂಟ್ ತೆಗೆದು ಕೊಡ್ತಾರೆ, ಅದರ ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಿ, ಕೆಳಗೆ ಯಾರು ನೋಡಿದ್ದು ಅಂತ ಸಹಿ ಹಾಕಿ ವಾಪಸ್ ಕೊಡ್ಬೇಕು. ಒಂದು ಸಂಚಿಕೆಗೆ ಒಬ್ರೇ ಕರೆಕ್ಷನ್ ತರ್ಬೇಕು, ನಾಲ್ಕು ಜನ ನಾಲ್ಕು ಥರ ಹೇಳ್ಕೊಂಡು ಬಂದ್ರೆ ಹೊರಗೆ ಮಾತಾಡ್ಕೊಂಡು ಬನ್ನಿ ಅಂತ ಕಳಿಸ್ತಾರೆ. ಮೂರು ಸುತ್ತು ರೇಟಿನೊಳಗೇ ಬರುತ್ತೆ, ನಾಲ್ಕನೇ ಸುತ್ತಿಂದ ಪುಟಕ್ಕಿಷ್ಟು ಅಂತ ಎಕ್ಸ್‌ಟ್ರಾ. ಸ್ಕ್ರೀನಲ್ಲಿ ನೋಡಿ ಓಕೆ ಅನ್ನೋಕೆ ಬಿಡದೇ ಇದ್ದಿದ್ದು ಎಷ್ಟು ಒಳ್ಳೇದಾಯ್ತು ಅಂದ್ರೆ, ಸ್ಕ್ರೀನಲ್ಲಿ ಝೂಮ್ ಮಾಡಿ ನೋಡುವಾಗ ದೊಡ್ಡದಾಗೇ ಕಂಡಿದ್ದ ಫೋಟೋ ಕೆಳಗಿನ ಅಕ್ಷರ ಕಾಗದದ ಮೇಲೆ ನಮ್ಮ ಹಿರಿಯ ಲೇಖಕರೊಬ್ರಿಗೆ ಕನ್ನಡಕ ಹಾಕಿದ್ರೂ ಓದೋಕೆ ಆಗ್ಲಿಲ್ಲ, ಎರಡನೇ ಸುತ್ತಲ್ಲೇ ಎಲ್ಲಾ ಒಂದು ಪಾಯಿಂಟ್ ಏರ್ತು.

ಫೋಟೋ ಕ್ವಾಲಿಟಿಗೂ ಹೀಗೇ ನಿರ್ದಾಕ್ಷಿಣ್ಯ. ವಾಟ್ಸಾಪಲ್ಲಿ ಬಂದು ಕುಗ್ಗಿ 1600 ಪಿಕ್ಸೆಲ್ ಅಗಲ ಉಳಿದಿರೋ ಫೋಟೋನ 300 ಡಿಪಿಐಗೆ, ಅಂದ್ರೆ ಇಂಚಿಗೆ 300 ಚುಕ್ಕಿಗೆ ಲೆಕ್ಕ ಹಾಕಿದ್ರೆ ಐದೂಕಾಲು ಇಂಚು ಚಿಲ್ಲರೆ ಅಷ್ಟೇ, ಪುಟದ ಅಗಲಕ್ಕೂ ಸಾಲಲ್ಲ. ಅಂಥ ಚಿತ್ರಗಳ ಪಟ್ಟಿ ಮಾಡಿ, ಒರಿಜಿನಲ್ ತನ್ನಿ, ಇಲ್ಲಾ ಈ ಸೈಜಿಗಿಂತ ದೊಡ್ಡದು ಕೇಳ್ಬೇಡಿ ಅಂತ ಕೊಟ್ಬಿಟ್ರು.

ಅಕ್ಕ ಬರೀ ಜೋಡಿಸೋರಲ್ಲ, ಓದ್ತಾರೂ ಹೌದು, ಇದನ್ನ ಬರೀದೇ ಇದ್ರೆ ಅನ್ಯಾಯ. ಜಗನ್ಮೋಹನ ಅರಮನೆ ಗ್ಯಾಲರಿ ಬಗ್ಗೆ ಬರ್ದಿದ್ದ ಒಬ್ರು ಕೈಲಿ ದೀಪ ಹಿಡ್ಕೊಂಡಿರೋ ಹೆಣ್ಣಿನ ಚಿತ್ರಕ್ಕೆ ರಾಜಾ ರವಿವರ್ಮ ಅಂತ ಹಾಕಿ ಕಳಿಸಿದ್ರು. ಅಲ್ಲಿ ರವಿವರ್ಮನ ಚಿತ್ರಗಳೂ ಇರೋದ್ರಿಂದ ಊರವ್ರೇ ಎಷ್ಟೋ ಜನ ಹಾಗೇ ನಂಬಿದಾರೆ. ಅದು ಎಸ್.ಎಲ್. ಹಲ್ದಂಕರ್ ಅವ್ರ ಜಲವರ್ಣ, ರವಿವರ್ಮ ತೀರ್ಕೊಂಡಿದ್ದೇ 1906ರಲ್ಲಿ, ಇದು ನಲವತ್ತರ ದಶಕದ್ದು. ಪ್ರೂಫಲ್ಲಿ ಅಲ್ಲಿ ಅಕ್ಕನೇ ಪೆನ್ಸಿಲಲ್ಲಿ ಒಂದು ಪ್ರಶ್ನೆ ಗುರುತು ಹಾಕಿ ಕಳಿಸಿದ್ರು. ಆಮೇಲೆ ಎಲ್ಲಾ ಚಿತ್ರಕ್ಕೂ ಕಲಾವಿದ, ಶೀರ್ಷಿಕೆ, ಇಸವಿ, ಮಾಧ್ಯಮ, ಅಳತೆ, ಈಗ ಎಲ್ಲಿದೆ ಅನ್ನೋದನ್ನ ಇದೇ ಕ್ರಮದಲ್ಲಿ ಬರ್ಕೊಂಡು ಬನ್ನಿ ಅಂದ್ರು. ಹಾಕೋಕೆ ಪರ್ಮಿಷನ್ ಇದ್ಯಾ ಅಂತ್ಲೂ ಕೇಳಿದ್ರು. ನಮ್ಮ ದೇಶದಲ್ಲಿ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತೆ, ಅದು ಮುಗಿದಿದ್ರೂ ಚಿತ್ರ ಇಟ್ಕೊಂಡಿರೋ ಗ್ಯಾಲರಿಯವ್ರನ್ನ ಕೇಳೋದು ಮರ್ಯಾದೆ. ಒಂದು ಚಿತ್ರ ಹೀಗೇ ಕೈಬಿಟ್ಟು ಹೋಯ್ತು, ಆ ಜಾಗ ಖಾಲಿನೇ ಬಿಟ್ಟಿದಾರೆ, ಅಲ್ಲೊಂದು ಹೂವಿನ ಬಳ್ಳಿ ಹಾಕಿ ಅಂದಿದ್ದಕ್ಕೆ ಬೈಸ್ಕೊಂಡಿದ್ದು ನಮ್ಮ ಖಜಾಂಚಿ.

ರೇಟು ನಮಗೆ ಪುಟಕ್ಕೆ 200 ರೂಪಾಯಿ ಆಸುಪಾಸು ಬಿತ್ತು, ಟೈಪಿಂಗ್ ಬೇರೆ. ಬರೀ ಅಕ್ಷರ ಇರೋ ಪುಸ್ತಕಕ್ಕಾದ್ರೆ ಇದಕ್ಕಿಂತ ಕಮ್ಮಿಗೆ ಮಾಡೋರು ಸುತ್ತಮುತ್ತಲೇ ಇದಾರೆ, ಕಥೆ ಕಾದಂಬರಿಗೆ ಇಲ್ಲಿಗೆ ಬರೋ ಅಗತ್ಯ ಇಲ್ಲ. ಪ್ರಿಂಟಿಂಗ್ ಅವ್ರು ಮಾಡಲ್ಲ, ಪ್ರೆಸ್ ನೀವೇ ನೋಡ್ಕೋಬೇಕು.

ಕಿರಿಕಿರಿಗಳೂ ಇವೆ. ಹೇಳಿದ ದಿನಕ್ಕೆ ಕೆಲ್ಸ ಮುಗಿಯಲ್ಲ, ಫೋನ್ ಎತ್ತೋದು ಅಪರೂಪ, ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದ್ರೆ ನಾಲ್ಕು ಗಂಟೆ ತನಕ ತೆಗೆಯಲ್ಲ. ಕೂರೋಕೆ ಒಂದೇ ಸ್ಟೂಲು. ಗಾಡಿ ನಿಲ್ಲಿಸೋಕೆ ಜಾಗ ಹುಡುಕೋದೇ ಒಂದು ಕೆಲ್ಸ, ನಡ್ಕೊಂಡು ಹೋಗೋದೇ ವಾಸಿ. ಎಲ್ಲಕ್ಕಿಂತ ಜಾಸ್ತಿ ನಂಗೆ ಬೇಜಾರಾಗಿದ್ದು ಕೊನೇಲಿ ಬರೀ ಪಿಡಿಎಫ್ ಕೊಟ್ಟು ಓಪನ್ ಫೈಲ್, ಅಂದ್ರೆ ತಿದ್ದೋಕೆ ಬರೋ ಮೂಲ ಫೈಲ್ ಕೊಡೋಕೆ ಹಿಂದೆಮುಂದೆ ನೋಡಿದ್ದು, ಅದಕ್ಕೆ ಬೇರೆ ದುಡ್ಡು ಅಂದ್ರು. ಮೊದ್ಲೇ ರೇಟ್ ಮಾತಾಡುವಾಗ್ಲೇ ಇದನ್ನೂ ಸೇರಿಸಿ ಮಾತಾಡ್ಕೊಳ್ಳಿ. ಪ್ಯಾಕೇಜ್ ಮಾಡಿಸಿ, ಚಿತ್ರ ಮತ್ತೆ ಫಾಂಟ್ ಇರೋ ಫೋಲ್ಡರ್ ಸಮೇತ, ಜೊತೆಗೆ ಹಳೇ ವರ್ಷನಲ್ಲೂ ತೆರೆಯೋ ಐಡಿಎಂಎಲ್ ಫೈಲ್ ಕೂಡ ಕೇಳಿ. ಮುಂದಿನ ಸಂಚಿಕೆಗೆ ಅದೇ ಅಚ್ಚುಕಟ್ಟು ಬೇಕಂದ್ರೆ ಇದಿಲ್ದೆ ಆಗಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಓಪನ್ ಫೈಲ್ ವಿಷ್ಯಕ್ಕೆ, ಹಠಕ್ಕಲ್ಲ. ಯುಗಾದಿ ಆದ್ಮೇಲೆ ಮದ್ವೆ ಸೀಸನ್ನಲ್ಲಿ, ಆಮೇಲೆ ದಸರಾಕ್ಕೆ ಮುಂಚೆ ಹೋಗ್ಬೇಡಿ, ಕಾರ್ಡು ಮತ್ತೆ ಸ್ಮರಣ ಸಂಚಿಕೆ ರಾಶಿ ಕೆಳಗೆ ನಿಮ್ಮ ಪುಟ ಸಿಕ್ಕಾಕ್ಕೊಳ್ಳುತ್ತೆ. ಆಷಾಢದಲ್ಲಿ ಕೊಟ್ರೆ ಬೇಗ ಕೈಗೆ ಬರುತ್ತೆ.